ದುರ್ಗಿ ಆತು ಅಂದದ್ದು

ನನ್ನ ತಂಗಿ ದುರ್ಗಿ ಒಂದು ಶಬ್ದ ಬಿಟ್ಟಿದ್ದಳು. ಕೆಲವರು ವ್ರತ ಅಂತ ಮೀನು ಬಿಡುತ್ತಾರೆ, ಕೆಲವರು ಹೆಂಡತಿ ಕಾಟಕ್ಕೆ ಕುಡಿತ ಬಿಡುತ್ತಾರೆ. ಇವಳು "ಆತು" ಅನ್ನುವುದನ್ನು ಬಿಟ್ಟಿದ್ದಳು. ಊಟ ಆತಾ ಅಂತ ಕೇಳಿದರೆ "ಹೂಂ" ಅನ್ನುತ್ತಿದ್ದಳು. ನಾಳೆ ತವರಿಗೆ ಹೋಗ್ವನಾ, ಆಯಿ ಕರೀತದೆ ಅಂದರೆ ತಲೆ ಆಡಿಸುತ್ತಿದ್ದಳು. ನಮ್ಮ ಕಡೆ ಈ ಶಬ್ದ ಇಲ್ಲದೆ ಒಂದು ಹೊತ್ತು ಕಳೆಯುವುದು ಕಷ್ಟ. ಮುಗಿದರೂ ಆತು, ಒಪ್ಪಿದರೂ ಆತು, ಕೇಳಿಸಿಕೊಂಡೆ ಅನ್ನುವುದಕ್ಕೂ ಆತು. ಅವಳು ಮಾತ್ರ ಅದಿಲ್ಲದೆ ದಿನ ದೂಡುತ್ತಿದ್ದಳು.

ಯಾಕೆ ಅಂತ ಹೇಳುತ್ತೇನೆ. ನನ್ನ ಬಾಯಿ ಒರಟು. ಉಮಾ ಬಾಯಿ ತೆರೆದರೆ ಬೀದಿ ನಾಯಿಯೂ ದಾರಿ ಬಿಡುತ್ತದೆ ಅಂತ ಅಘನಾಶಿನಿ ಊರಿನಲ್ಲಿ ನಗಾಡುತ್ತಾರೆ. ನಗಾಡಲಿ. ಮೆತ್ತಗೆ ಮಾತಾಡುವವಳು ನನ್ನ ತಂಗಿ. ಅವಳಿಗೆ ಏನಾಯಿತು ಅಂತ ನೋಡಿದ್ದೇನಲ್ಲ.

ನಾವಿಬ್ಬರೂ ಬಾಡದಲ್ಲಿ ಹುಟ್ಟಿದವರು. ಇಬ್ಬರನ್ನೂ ಅಘನಾಶಿನಿಗೆ ಕೊಟ್ಟರು, ಎರಡು ಮನೆ ಆಚೀಚೆ. ನನ್ನ ಗಂಡ ತೀರಿಕೊಂಡು ಬಹಳ ಕಾಲವಾಯಿತು. ದುರ್ಗಿಯ ಗಂಡ ದಾಸ ಹೊನ್ನಾವರ ಬಂದರಿನ ಬೋಟಿನಲ್ಲಿ ದುಡಿಯುತ್ತಾನೆ. ಹೆಂಗಸರು ನಾವು ಹೊಳೆ ಸಮುದ್ರ ಸೇರುವ ಅಳಿವೆಯಲ್ಲಿ ಬಳಚು ತೆಗೆಯುತ್ತೇವೆ. ಬಳಚು ಅಂದರೆ ಚಿಪ್ಪಿನ ಜೀವ, ಕೆಸರಿನೊಳಗೆ ಹುಗಿದುಕೊಂಡಿರುತ್ತದೆ. ನೀರು ಇಳಿದಾಗ ಇಳಿಯಬೇಕು. ಕಾಲಲ್ಲಿ ತಡಕಬೇಕು, ಬಗ್ಗಬೇಕು, ಕೈಯಲ್ಲಿ ಕೀಳಬೇಕು. ಚಿಪ್ಪು ತಾಗಿ ಬೆರಳ ತುದಿ ಯಾವಾಗಲೂ ಬಿರಿದಿರುತ್ತದೆ. ಆ ಬಿರುಕಿನೊಳಗೆ ಉಪ್ಪು ನೀರು ಹೋಗುತ್ತದೆ. ಸಂಜೆ ಅನ್ನ ಕಲಸುವಾಗ ಕಣ್ಣಲ್ಲಿ ನೀರು ಬರುತ್ತದೆ. ಸೊಂಟದ ಕತೆ ಹೇಳುವುದೇ ಬೇಡ.

ಬಗ್ಗಿದವಳಿಗೆ ಸಮುದ್ರ ತಿರುಗಿದ್ದು ಗೊತ್ತಾಗುವುದಿಲ್ಲ. ಅದಕ್ಕೇ ಗುಂಪಿನಲ್ಲಿ ಒಬ್ಬಳು ನೋಡಿಕೊಳ್ಳುತ್ತಾಳೆ. ಏರುವ ನೀರು ತಣ್ಣಗಿರುತ್ತದೆ, ಮೊಣಕಾಲ ಹಿಂದೆ ಮೊದಲು ತಾಗುತ್ತದೆ. ತಾಗಿದ ಕೂಡಲೇ ಅವಳು "ಆತೂ, ಆತೂ" ಅಂತ ಕೂಗುತ್ತಾಳೆ. ಸಾಕು, ನಿಲ್ಲಿಸಿ, ಮೇಲೆ ಬನ್ನಿ ಅಂತ. ಕೈಯಲ್ಲಿ ಹಿಡಿದ ಬಳಚನ್ನೂ ಬಿಟ್ಟು ಏಳಬೇಕು. ಇನ್ನೊಂದು ಹಿಡಿ ಅಂತ ಆಸೆ ಮಾಡಿದವರನ್ನು ಅಳಿವೆ ಎಳೆದುಕೊಂಡು ಹೋದದ್ದು ಇದೆ. ನಮ್ಮ ಗುಂಪಿನಲ್ಲಿ ಕೂಗುವವಳು ದುರ್ಗಿ. ಮನೆಯಲ್ಲಿ ಅವಳ ಧ್ವನಿ ಪಕ್ಕದ ಕೋಣೆಗೆ ಕೇಳುವುದಿಲ್ಲ. ಅಳಿವೆಯಲ್ಲಿ ಕೂಗಿದರೆ ಆಚೆ ದಡಕ್ಕೆ ಕೇಳುತ್ತದೆ.

ಅವಳಿಗೆ ಒಬ್ಬಳು ಮಗಳು, ದಿವ್ಯಶ್ರೀ. ಎರಡನೆಯದು ಹೊಟ್ಟೆಯಲ್ಲಿತ್ತು. ತುಂಬಿದ ಬಸುರಿಯಾದರೂ ನೀರಿಗೆ ಇಳಿಯುತ್ತಿದ್ದಳು. ಬೇಡ ಅಂದರೆ ನಿಲ್ಲುವವಳಲ್ಲ. ಹಾಗೆ ನೀರಿನಲ್ಲಿದ್ದಾಗಲೇ ನೋವು ಬಂತು. ಬಟ್ಟೆ ಬದಲಾಯಿಸಲೂ ಸಮಯ ಇರಲಿಲ್ಲ. ರಿಕ್ಷಾದಲ್ಲಿ ಕುಮಟಾ ಕಡೆಯ ಧರ್ಮದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಅಲ್ಲಿ ಯಾರ ಹತ್ತಿರವೂ ದುಡ್ಡು ತೆಗೆದುಕೊಳ್ಳುವುದಿಲ್ಲ. ಆಸ್ಪತ್ರೆಯ ಹೆಸರು ಹೇಳುವುದಿಲ್ಲ. ಹೇಳಿದರೆ ಮಾನನಷ್ಟದ ಕೇಸು ಹಾಕುತ್ತಾರಂತೆ. ಅವರಿಗೆ ಮಾನ ಇದೆ, ಅದು ನಷ್ಟವಾಗುತ್ತದೆ. ನಮಗೆ ಆದ ನಷ್ಟಕ್ಕೆ ಏನು ಹೆಸರು ಅಂತ ನಾನು ಇನ್ನೂ ಹುಡುಕುತ್ತಿದ್ದೇನೆ.

ಬಾಗಿಲಲ್ಲೇ ಆಯಾ ತಡೆದಳು. "ಎಂತ ವಾಸನೆ ನಿಮ್ದು. ಮಿಂದು ಬರೂಕೆ ಆಗೂದಿಲ್ವಾ?" ಅಂದಳು. ಹೆರುವವಳು ಮಿಂದು ಬರಬೇಕಂತೆ. ದುರ್ಗಿ ಕೂತಿದ್ದ ಬೆಂಚಿಗೆ ಫಿನಾಯಿಲ್ ಹಾಕಿ ಒರೆಸಿದಳು. ದುರ್ಗಿ ಇನ್ನೂ ಅಲ್ಲೇ ಹೊಟ್ಟೆ ಹಿಡಿದುಕೊಂಡು ನಿಂತಿದ್ದಳು, ಒರೆಸುವುದನ್ನು ನೋಡುತ್ತಿದ್ದಳು. ಆಮೇಲೆ ಅವಳನ್ನು ಒಳಗೆ ಎಳೆದುಕೊಂಡರು. ನನ್ನನ್ನು ಹೊರಗೆ ನಿಲ್ಲಿಸಿದರು.

ಹೊಟ್ಟೆ ಕೊಯ್ದು ತೆಗೆಯಬೇಕು ಅಂತ ಒಬ್ಬಳು ಬಂದು ಹೇಳಿದಳು. ತೆಗೆಯಿರಿ, ಜೀವ ಉಳಿಸಿ ಅಂತ ಕೈ ಮುಗಿದೆ. ಅಷ್ಟಕ್ಕೆ ನಾನು ಒಪ್ಪಿದ್ದು, ದುರ್ಗಿಯೂ ಒಪ್ಪಿದ್ದು. ಸ್ವಲ್ಪ ಹೊತ್ತಿಗೆ ಮಗುವಿನ ಸಣ್ಣ ಧ್ವನಿ ಕೇಳಿತು. ನಾನು ಗೋಡೆಗೆ ಹಣೆ ಒತ್ತಿ ದೇವರನ್ನು ನೆನೆದೆ. ಅದರ ಬೆನ್ನಿಗೇ ದುರ್ಗಿ ಕೂಗಿದಳು. "ಆತೂ. ಆತೂ. ಆತೂ."

ಅಳಿವೆಯಲ್ಲಿ ಕೂಗುತ್ತಾಳಲ್ಲ, ಅದೇ ಕೂಗು. ನನ್ನ ಕಾಲು ತಾನಾಗಿ ಎದ್ದಿತು. ಬಾಗಿಲು ಬಡಿದೆ. "ಅವ್ಳು ಕೂಗ್ತಾ ಇದ್ದಾಳೆ, ನಿಲ್ಸಿ" ಅಂದೆ. ಆಯಾ ನನ್ನ ರಟ್ಟೆ ಹಿಡಿದು ಮೆಟ್ಟಿಲ ಹತ್ತಿರ ದೂಡಿದಳು.

ಒಳಗೆ ಆದದ್ದು ನನಗೆ ಆಮೇಲೆ ತಿಳಿಯಿತು. ಬೆನ್ನಿಗೆ ಕೊಟ್ಟ ಸೂಜಿಯ ಜೋಮು ಇಳಿಯತೊಡಗಿತ್ತು. ಹೊಟ್ಟೆಯೊಳಗೆ ಕೈ ಆಡಿದ್ದು ಅವಳಿಗೆ ತಿಳಿಯುತ್ತಿತ್ತು. ಅದೇ ಹೊತ್ತಿಗೆ ದೊಡ್ಡ ಡಾಕ್ಟರು ಕೇಳಿದ್ದರು. ಅವರು ಮೈಸೂರು ಕಡೆಯವರು. "ಎರಡು ಮಕ್ಕಳಾಯ್ತಲ್ಲಮ್ಮ, ಇದೇ ಕೊನೆ ತಾನೆ, ಕಟ್ಟಿಬಿಡೋಣವಾ?" ಆ ಮಾತು ಅವಳ ಕಿವಿಗೆ ಪೂರಾ ಬಿದ್ದಿರಲೇ ಇಲ್ಲ. ನೋವಿಗೆ ಅವಳು ತನಗೆ ಗೊತ್ತಿದ್ದ ಹಾಗೆ ಕೂಗಿದಳು. ಅವರು ಇನ್ನು ಮಕ್ಕಳಾಗದ ಹಾಗೆ ಕಟ್ಟಿಬಿಟ್ಟರು.

ಮಗು ಗಂಡು. ಉಸಿರಾಟಕ್ಕೆ ತೊಂದರೆ ಅಂತ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು, ದಾಸ ಓಡಿ ಬಂದು ಹೊರಗಿನಿಂದಲೇ ನೋಡಿದ. ತನ್ನ ಅಪ್ಪನ ಹೆಸರಿಡುವುದು ಅಂತ ಆಗಲೇ ಎಲ್ಲರಿಗೂ ಫೋನು ಮಾಡಿದ. ಮಗು ಆ ವಾರ ದಾಟಲಿಲ್ಲ. ಉಸಿರು ಎಳೆಯಲು ಆಗದೆ ಹೋಯಿತು. ಅಷ್ಟು ಸಣ್ಣದನ್ನು ಒಂದು ಟವೆಲಿನಲ್ಲಿ ಸುತ್ತಿ ಕೊಟ್ಟರು. ನಾನು ಆವತ್ತು ಅತ್ತ ಹಾಗೆ ನನ್ನ ಗಂಡ ಸತ್ತಾಗಲೂ ಅತ್ತಿಲ್ಲ.

ಮನೆಗೆ ಬಿಡುವ ದಿನ ನರ್ಸ್ ಸುಚಿತಾ ಹೊಲಿಗೆಗೆ ಮುಲಾಮು ಹಚ್ಚಿದಳು. ಭಟ್ಕಳದ ಹುಡುಗಿ, ಕೆಟ್ಟವಳಲ್ಲ. ದುರ್ಗಿಯ ತಲೆ ಸವರಿದಳು. "ಭಾರ ಎತ್ಬೇಡ. ಇನ್ನು ಮಕ್ಳಾಗದ ಆಪರೇಷನ್ನಿಗೆ ಅಂತ ಬೇರೆ ಬರೂದು ಬೇಡ, ಎರಡೂ ಒಟ್ಟಿಗೇ ಆಗಿದೆ" ಅಂದಳು.

"ಎಂತ ಎರಡು?" ಅಂತ ದುರ್ಗಿ ಕೇಳಿದಳು.

ಸುಚಿತಾಳ ಮುಖ ಬಿಳಿಚಿಕೊಂಡಿತು. ಅಲ್ಲಿಗೆ ನಮಗೆ ತಿಳಿಯಿತು.

ದಾಸ ಡಾಕ್ಟರ ಕೋಣೆಗೆ ನುಗ್ಗಿದ. ಅವರು ಅವನನ್ನು ಕೂರಿಸಿ, ನೀರು ಕೊಟ್ಟು, "ನಿಮ್ಮ ಹೆಂಡತಿಯೇ ಒಪ್ಪಿದ್ದಪ್ಪ, ಆತು ಅಂದರು, ಒಳಗಿದ್ದವರೆಲ್ಲ ಕೇಳಿದ್ದಾರೆ" ಅಂದರು. ಅವನು ಮನೆಗೆ ಬಂದು ಜಗಲಿಯಲ್ಲಿ ನಿಂತು ಕೇಳಿದ.

"ನೀ ಆತು ಅಂದ್ಯಾ?"

"ಅಂದೆ" ಅಂದಳು. ಸುಳ್ಳು ಅವಳ ಬಾಯಲ್ಲಿ ಬರುವುದಿಲ್ಲ.

"ಮತ್ತೆ ಎಂತಕ್ಕೆ ಅಳ್ತೆ?"

ಅವಳು ಬಿಡಿಸಿ ಹೇಳಬೇಕಿತ್ತು. ಹೇಳಲಿಲ್ಲ. ಹೊಟ್ಟೆಯ ಹೊಲಿಗೆ ಹಸಿ ಇತ್ತು, ಎದೆಯಲ್ಲಿ ಹಾಲು ಕಟ್ಟಿ ಕಲ್ಲಾಗಿತ್ತು, ಕುಡಿಯುವ ಬಾಯಿ ಇರಲಿಲ್ಲ. ಆ ಹೊತ್ತಿಗೆ ಯಾರು ಬಿಡಿಸಿ ಹೇಳುತ್ತಾರೆ? ನಾನು ಹೇಳಿದೆ, ಕೂಗಿ ಹೇಳಿದೆ. ಅವನು ನನ್ನ ಕಡೆ ತಿರುಗಿ, "ನೀನು ಒಳಗೆ ಇದ್ದಿದ್ಯಾ ಅಕ್ಕಾ?" ಅಂದ. ಬೋಟಿಗೆ ಹೋದವನು ಆಮೇಲೆ ಮನೆಗೆ ಬರುವುದೇ ಕಡಿಮೆಯಾಯಿತು. ಬಂದರೂ ಮಗಳ ಹತ್ತಿರ ಮಾತು, ಹೆಂಡತಿಯ ಹತ್ತಿರ ಇಲ್ಲ. ಅವನ ಆಯಿ ಊರೆಲ್ಲ ಹೇಳಿಕೊಂಡು ಬಂದಳು, ಇವಳೇ ಬೇಡ ಅಂದಳಂತೆ, ಇವಳೇ ಕಟ್ಟಿಸಿಕೊಂಡಳಂತೆ ಅಂತ. ಬಾವಿಕಟ್ಟೆಯಲ್ಲಿ ಹೆಂಗಸರು ದುರ್ಗಿ ಬಂದ ಕೂಡಲೇ ಸುಮ್ಮನಾಗುತ್ತಿದ್ದರು.

ಆವಾಗ ಅವಳು ಆ ಶಬ್ದ ಬಿಟ್ಟದ್ದು. ಅಳಿವೆಗೆ ಮತ್ತೆ ಬಂದಳು, ಕೂಗಲಿಲ್ಲ. ನಾನೇ ಕೂಗತೊಡಗಿದೆ.

ಒಂದು ದಿನ ಚಿಪ್ಪು ಬೇಯಿಸುವಾಗ ಒಲೆಯ ಮುಂದೆ ಕೂತು, ಹೊಟ್ಟೆಯ ಮೇಲೆ ಕೈ ಇಟ್ಟು ಹೇಳಿದಳು. "ಅಕ್ಕಾ, ನಂಗೆ ಬೇರೆ ಎಂತದೂ ಬೇಡ. ಇದನ್ನ ನಾನು ಕೊಟ್ಟದ್ದಲ್ಲ, ಅವ್ರು ತೆಗ್ದದ್ದು ಅಂತ ಯಾರಾದ್ರೂ ಒಬ್ರು ಇವ್ರ ಎದುರು ಹೇಳ್ಲಿ."

ಇವರು ಅಂದರೆ ದಾಸ. ನಾನು ಅವಳನ್ನು ಎಬ್ಬಿಸಿ ಹೊನ್ನಾವರಕ್ಕೆ ಕರೆದುಕೊಂಡು ಹೋದೆ, ವಕೀಲರ ಹತ್ತಿರ.

ವಕೀಲರು ದೀಪಾ ಅಂತ, ಇನ್ನೂ ಸಣ್ಣ ಪ್ರಾಯ. ಮೊದಲು ಗ್ರಾಹಕರ ಆಯೋಗಕ್ಕೆ ಅರ್ಜಿ ಹಾಕಿದರು. ಅದು ತಿರುಗಿ ಬಂತು. ದುಡ್ಡು ಕೊಟ್ಟವರು ಗ್ರಾಹಕರು, ಎಲ್ಲರಿಗೂ ಪುಕ್ಕಟೆ ಕೊಡುವುದು ಧರ್ಮ, ಅದು ಕಾಯ್ದೆಯ ಪ್ರಕಾರ ಸೇವೆಯಲ್ಲ ಅಂತ. "ಹಂಗಾರೆ ಅವಳ ಹೊಟ್ಟೆ ಕೊಯ್ದದ್ದು ಎಂತ ವಕೀಲಮ್ಮಾ?" ಅಂತ ಕೇಳಿದೆ. ಅವರಿಗೆ ನಗುವೂ ಬಂತು, ಕಣ್ಣೂ ಒದ್ದೆಯಾಯಿತು.

ಸ್ವಲ್ಪ ಕಾಲದಲ್ಲಿ ಅವರೇ ಫೋನು ಮಾಡಿದರು. ರಾಜ್ಯದ ಸರ್ಕಾರ ಆಸ್ಪತ್ರೆಗಳ ಕಾಯ್ದೆ ತಿದ್ದಿದೆಯಂತೆ. ಚಿಕಿತ್ಸೆ ಅಂದರೆ ಏನು, ರೋಗಿ ಅಂದರೆ ಯಾರು, ಡಾಕ್ಟರ ಲೋಪ ಅಂದರೆ ಯಾವುದು ಅಂತ ಒಂದೊಂದಾಗಿ ಬಿಡಿಸಿ ಬರೆದಿದ್ದಾರಂತೆ. ಹಿಂದೆ ಆದದ್ದಕ್ಕೂ ಅದು ಅನ್ವಯಿಸುತ್ತದಂತೆ. "ಈಗ ಪುಕ್ಕಟೆ ವಾರ್ಡಿನವರೂ ರೋಗಿಗಳೇ ಉಮಕ್ಕ" ಅಂದರು. ಅವರಿಗೆ ಬಹಳ ಸಂತೋಷವಾಗಿತ್ತು. ನನಗೆ ಮೈ ಉರಿಯಿತು. ಇಷ್ಟು ದಿನ ನಾವು ಯಾರಾಗಿದ್ದೆವು ಅಂತ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಆ ಹುಡುಗಿಯ ತಪ್ಪೇನು?

"ಒಂದು ತೊಡಕು ಅದೆ" ಅಂತಲೂ ಹೇಳಿದರು. ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತು ಇತ್ತು. ಆಪರೇಷನ್ ಮೇಜಿನ ಮೇಲಿದ್ದ ರೋಗಿ ಸಹಿ ಹಾಕುವ ಸ್ಥಿತಿಯಲ್ಲಿ ಇಲ್ಲದಿದ್ದರೆ, ಬಾಯಿಮಾತಿನಲ್ಲಿ ಒಪ್ಪಿದರೂ ಸಾಕು. ಹಾಗೆ ಒಪ್ಪಿದ್ದರೆ ಅದು ಲೋಪ ಅಲ್ಲ. ಒಟ್ಟು ಕಾಯ್ದೆ ಬಂದು ನನ್ನ ತಂಗಿಯ ಬಾಯಲ್ಲಿ ಕೂತಿತು.

ಆ ಕಾಯ್ದೆಯ ಸಮಿತಿಯ ಮುಂದೆ ವಿಚಾರಣೆ ಕುಮಟಾದ ಸರ್ಕಾರಿ ಕಚೇರಿಯ ಮಾಳಿಗೆಯಲ್ಲಿ ನಡೆಯಿತು. ಆಸ್ಪತ್ರೆಯವರಿಗೆ ಕುರ್ಚಿ ಹಾಕಿದ್ದರು. ನಮ್ಮನ್ನು ಬಾಗಿಲ ಹತ್ತಿರ ನಿಲ್ಲಿ ಅಂದರು. ನಾನು ಹೋಗಿ ಒಂದು ಖಾಲಿ ಕುರ್ಚಿ ಎಳೆದು ದುರ್ಗಿಯನ್ನು ಕೂರಿಸಿದೆ, ಇನ್ನೊಂದರಲ್ಲಿ ನಾನೂ ಕೂತೆ. ಯಾರೋ ಮೂಗಿಗೆ ಕರವಸ್ತ್ರ ಹಿಡಿದರು. ನಾವಿಬ್ಬರೂ ಬೆಳಿಗ್ಗೆ ಎರಡೆರಡು ಸಲ ಸೋಪು ಹಚ್ಚಿ ಮಿಂದು ಹೋಗಿದ್ದೆವು. ದಾಸ ಬಂದಿದ್ದ, ಹಿಂದಿನ ಗೋಡೆಗೆ ಒರಗಿ ನಿಂತಿದ್ದ.

ಸಮಿತಿಯ ಅಧ್ಯಕ್ಷರು ಘಟ್ಟದ ಮೇಲಿನವರು, ಮೆತ್ತನೆ ಮಾತಿನವರು. ಆಸ್ಪತ್ರೆಯ ವಕೀಲ ವಿಘ್ನೇಶ್ವರ ಮಾತ್ರ ಕುಮಟಾದವನೇ. ಅವನು ಎದ್ದು, "ಸ್ವಾಮಿ, ಈ ಕಡೆ ಆತು ಅಂದರೆ ಸರಿ, ಒಪ್ಪಿದೆ ಅಂತ. ಸಣ್ಣ ಮಕ್ಕಳಿಗೂ ಗೊತ್ತು. ನಾನೂ ಇಲ್ಲಿಯವನೇ" ಅಂದ.

ಆವತ್ತು ಆಪರೇಷನ್ ಕೋಣೆಯೊಳಗಿದ್ದ ಸುಚಿತಾಳನ್ನು ಕರೆದರು. ಕೇಳಿದ್ದೇನು ಅಂದಾಗ "ಆತು ಅಂದ್ರು" ಅಂದಳು. ಅರ್ಥ ಏನು ಅಂದಾಗ "ಸರಿ ಅಂತ" ಅಂದಳು. ಅವಳು ಹೇಳಿದ್ದು ಸುಳ್ಳಲ್ಲ, ಅದೇ ನನ್ನ ಸಂಕಟ.

ದೀಪಾ ಎದ್ದು ನಿಂತರು. "ಮೆಲ್ಲಗೆ ಅಂದ್ರಾ, ಜೋರಾಗಿ ಅಂದ್ರಾ?"

ಸುಚಿತಾ ಸೆರಗು ಹಿಂಡಿದಳು. "ಜೋರಾಗಿ."

"ಒಂದು ಸಲವಾ?"

"ಅಲ್ಲ. ಸುಮಾರು ಸಲ."

"ಕಟ್ಟುವಾಗಲೂ ಕೂಗ್ತಾ ಇದ್ರಾ?"

ಅವಳು ದೊಡ್ಡ ಡಾಕ್ಟರ ಕಡೆ ನೋಡಿದಳು. ಆಮೇಲೆ ನೆಲ ನೋಡಿಕೊಂಡು "ಹೌದು" ಅಂದಳು. ವಿಘ್ನೇಶ್ವರ ಎದ್ದು, ನೋವಿಗೆ ಯಾರಾದರೂ ಕೂಗುತ್ತಾರೆ, ಕೂಗಿದ ಶಬ್ದ ಒಪ್ಪಿಗೆಯದ್ದೇ ತಾನೆ ಅಂದ. ಆ ಹುಡುಗಿಗೆ ಹೋಗಲು ಹೇಳಿದರು.

ನನ್ನನ್ನು ಕೇಳಿದರು. ಅಳಿವೆಯ ಕತೆ ಹೇಳಿದೆ. ನೀರು ಏರುವುದು, ಕೂಗುವುದು, ಬಿಟ್ಟು ಏಳುವುದು, ಎಲ್ಲ ಹೇಳಿದೆ. "ನಮ್ಮಲ್ಲಿ ಕೂಗಿ ಹೇಳೂ ಆತು ಬೇರೆ ಸಾಹೇಬ್ರೇ. ಅದು ನಿಲ್ಸಿ ಅಂತ" ಅಂದೆ.

ವಿಘ್ನೇಶ್ವರ ನಕ್ಕ. "ಆಸ್ಪತ್ರೆ ಹೊಳೆ ಅಲ್ಲ ತಾಯಿ."

"ಅಲ್ಲ. ಹೊಳೇಲಿ ಕೂಗಿದ್ರೆ ಕೇಳ್ತದೆ" ಅಂದೆ.

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿಕೊಂಡರು. ಪಕ್ಕದವರ ಹತ್ತಿರ ಪಿಸುಪಿಸು ಮಾತಾಡಿದರು. ದುರ್ಗಿಯ ಕಡೆ ಬಾಗಿ, ಮಗುವಿಗೆ ಹೇಳುವ ಹಾಗೆ ಹೇಳಿದರು. "ನೋಡಮ್ಮಾ, ಇದು ಭಾಷೆಯ ತೊಂದರೆ. ಯಾರದ್ದೂ ಕೆಟ್ಟ ಉದ್ದೇಶ ಇಲ್ಲ. ಮಗು ಹೋದದ್ದಕ್ಕೆ ಡಾಕ್ಟರು ವಿಷಾದ ಹೇಳ್ತಾರೆ. ನೀನೂ ಆ ಹೊತ್ತಿಗೆ ಒಪ್ಪಿದ್ದೆ ಅಂತ ಬರೆಸಿ ಇಲ್ಲಿಗೆ ಮುಗಿಸೋಣ. ನಿಮ್ಮ ಭಾಷೆಯಲ್ಲೇ ಕೇಳ್ತೀನಿ. ಆತಾ?"

ಟೈಪು ಮಾಡುವವನು ಬೆರಳು ಎತ್ತಿ ಹಿಡಿದು ಕಾಯುತ್ತಿದ್ದ. ದೊಡ್ಡ ಡಾಕ್ಟರು ಗಡಿಯಾರ ನೋಡಿಕೊಂಡರು. ಇಡೀ ಕೋಣೆ ಆ ಒಂದು ಶಬ್ದಕ್ಕೆ ಕಾದಿತ್ತು. ಎಲ್ಲಿ ದೊಡ್ಡವರು ಕೇಳಿದರು ಅಂತ ಅಂದುಬಿಡುತ್ತಾಳೋ ಅಂತ ಹೆದರಿದೆ. ಅನ್ನುವುದೇ ನಮಗೆ ರೂಢಿ. ದೊಡ್ಡವರು ಏನು ಹೇಳಿದರೂ ತಲೆ ಬಗ್ಗಿಸಿ ಆತು ಅನ್ನುತ್ತಾ ಬಂದವರು ನಾವು.

ದುರ್ಗಿ ಕುರ್ಚಿಯಿಂದ ಎದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ನೀರಿಗೆ ಇಳಿಯುವಾಗ ಮಾಡುವ ಹಾಗೆ.

"ಆಗ್ಲಿಲ್ಲ" ಅಂದಳು.

"ಏನು ಆಗಲಿಲ್ಲ?"

"ಎಂತದೂ ಆಗ್ಲಿಲ್ಲ. ನಾನು ಆತು ಅಂದೆ, ಹೌದು. ನಿಲ್ಸಿ ಅಂತ ಅಂದೆ. ಕೇಳಿದ್ರೆ ಬಿಡ್ತ್ರಿ ಅಂತ ಮತ್ತೂ ಮತ್ತೂ ಅಂದೆ. ನೀವು ನಿಲ್ಸ್ಲಿಲ್ಲ." ದೊಡ್ಡ ಡಾಕ್ಟರ ಕಡೆ ಕೈ ತೋರಿಸಿದಳು. "ನನ್ನ ಮಗು ಹೋತು. ಇನ್ನು ಬರೂ ಮಗೂನೂ ಹೋತು. ಈಗ ನಾನೇ ಕೊಟ್ಟೆ ಅಂತ ನನ್ನ ಬಾಯಲ್ಲೇ ಹೇಳ್ಸ್ತ್ರಿ. ಹೇಳೂದಿಲ್ಲ. ನೀವು ಬರ್ಕೊಳ್ಳೂದಾದ್ರೆ ಬರ್ಕೊಳ್ಳಿ, ನಾನು ಹೇಳ್ಲಿಲ್ಲ ಅಂತಲೂ ಬರೀರಿ."

ಅಷ್ಟು ಹೇಳಿ ಹೊರಗೆ ನಡೆದಳು. ಗೋಡೆಯ ಹತ್ತಿರ ನಿಂತಿದ್ದ ದಾಸ ಅವಳಿಗೆ ದಾರಿ ಬಿಟ್ಟ.

ತೀರ್ಪು ಮಳೆಗಾಲ ಮುಗಿದ ಮೇಲೆ ಬಂತು. ಬಾಯಿಮಾತಿನ ಒಪ್ಪಿಗೆ ಇತ್ತು, ಲೋಪ ಸಾಬೀತಾಗಿಲ್ಲ ಅಂತ. ದೀಪಾ ಫೋನಿನಲ್ಲೇ ಅತ್ತರು. ಮೇಲಿನ ಕೋರ್ಟಿಗೆ ಹೋಗುವ ಅಂದರು. ದುರ್ಗಿ "ಹೋಗ್ವ" ಅಂದಳು, ಫೋನು ನನ್ನ ಕೈಗೆ ಕೊಟ್ಟು ಅಕ್ಕಿ ತೊಳೆಯಲು ಹೋದಳು. ನಾನು ಆ ಡಾಕ್ಟರನ್ನೂ, ಆ ವಕೀಲನನ್ನೂ, ಅರ್ಥ ಬರೆಯುವಾಗ ನಮ್ಮನ್ನು ಒಂದು ಮಾತು ಕೇಳದ ಸರ್ಕಾರವನ್ನೂ ಬಾಯಿಗೆ ಬಂದ ಹಾಗೆ ಬೈದೆ. ಬೈದರೆ ಏನು ಬಂತು? ಅಕ್ಕಿ ತೊಳೆಯುವವಳ ಬೆನ್ನು ಅಲ್ಲಾಡುತ್ತಿತ್ತು.

ಮರುದಿನ ಮಧ್ಯಾಹ್ನ ಇಳಿತ ಇತ್ತು. ಎಲ್ಲರೂ ಅಳಿವೆಗೆ ಇಳಿದೆವು. ದಾಸನ ಬೋಟು ರಿಪೇರಿಗೆ ಹೋಗಿತ್ತು. ಅವನು ಸಣ್ಣ ದೋಣಿ ತಂದು, ನಮ್ಮ ಚೀಲಗಳನ್ನು ಹೇರುತ್ತಿದ್ದ. ಗಂಡಹೆಂಡತಿಗೆ ಇನ್ನೂ ಮಾತಿಲ್ಲ. ನಾನು ತೀರ್ಪಿನ ಸಿಟ್ಟಿನಲ್ಲಿ ಕೆಸರನ್ನು ಕೆದಕುತ್ತಿದ್ದೆ. ನೀರು ನೋಡಿಕೊಳ್ಳಬೇಕಾದವಳು ನಾನೇ ಅನ್ನುವುದು ಮರೆತೇಹೋಗಿತ್ತು.

"ಆತೂ. ಆತೂ. ಆತೂ."

ನಾನಲ್ಲ. ದುರ್ಗಿ. ಮೊಣಕಾಲವರೆಗಿನ ನೀರಿನಲ್ಲಿ ನಿಂತು, ಬಾಯಿಗೆ ಎರಡೂ ಕೈ ಹಿಡಿದು ಕೂಗುತ್ತಿದ್ದಳು. ಆಚೆ ದಡಕ್ಕೆ ಕೇಳುವಷ್ಟು ಜೋರು.

ಹೆಂಗಸರೆಲ್ಲ ಎದ್ದರು. ಕೈಯಲ್ಲಿದ್ದದ್ದನ್ನು ಬಿಟ್ಟರು. ಬುಟ್ಟಿ ಎತ್ತಿಕೊಂಡು ದಡದ ಕಡೆ ನಡೆದರು. ಆತು ಅಂದರೆ ಏನರ್ಥ ಅಂತ ಒಬ್ಬಳೂ ಕೇಳಲಿಲ್ಲ.

ದಾಸ ಒಂದು ಚೀಲವನ್ನು ಅರ್ಧ ಎತ್ತಿದ್ದ. ಕೂಗು ಕೇಳಿದ ಕೂಡಲೇ ಅವನ ಕೈ ತಾನಾಗಿ ಬಿಟ್ಟಿತು, ಚೀಲ ನೀರಿಗೆ ಬಿತ್ತು. ಅವನು ತನ್ನ ಎರಡೂ ಕೈ ನೋಡಿಕೊಂಡ. ನೀರು ತುಳಿಯುತ್ತಾ ಅವಳ ಹತ್ತಿರ ಬಂದ.

"ಅಲ್ಲೂ ಹಿಂಗೇ ಕೂಗಿದ್ಯಾ?" ಅಂತ ಕೇಳಿದ.

"ಹಿಂಗೇ" ಅಂದಳು ದುರ್ಗಿ.

ಅವನು ನಿಂತಲ್ಲೇ ಕುಸಿದು ಕೂತ. ನೀರು ಎದೆಗೆ ಬಂತು. ಮುಖ ಮುಚ್ಚಿಕೊಂಡು ಸಣ್ಣ ಮಗುವಿನ ಹಾಗೆ ಅತ್ತ. ದುರ್ಗಿಯ ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಅವಳು ಬಗ್ಗಿ ಅವನ ರಟ್ಟೆ ಹಿಡಿದಳು.

"ಏಳಿ, ನೀರು ಬಂತು" ಅಂದಳು.